ಇಡ್ಲಿ ನಿನ್ನೆ ನೀಲಿ, ಇವತ್ತು ಕಿತ್ತಳೆ: ಪೈ ಚಾರ್ಟಿನ ಬಣ್ಣ ದಿನಾ ಯಾಕೆ ಬದಲಾಗುತ್ತದೆ?

ಓದುಗರ ಪ್ರಶ್ನೆ: "ಮುಂಬೈಯ ಮಾಟುಂಗದಲ್ಲಿ ನನ್ನ ಮಾವನ ಉಡುಪಿ ಹೋಟೆಲ್ ಇದೆ. ದಿನದ ವ್ಯಾಪಾರ ಫೋನಿನಲ್ಲೇ ನೋಡಲಿ ಅಂತ ಅವರಿಗೆ ಒಂದು ವೆಬ್ ಪುಟ ಮಾಡಿಕೊಟ್ಟಿದ್ದೇನೆ. ಪುಟ ಕಟ್ಟಲು ರಿಯಾಕ್ಟ್, ಚಾರ್ಟ್ ಬರೆಯಲು ಚಾರ್ಟ್ ಜೆಎಸ್ ಅನ್ನುವ ಜಾವಾಸ್ಕ್ರಿಪ್ಟ್ ಲೈಬ್ರರಿ ಬಳಸಿದ್ದೇನೆ. ಯಾವ ತಿಂಡಿ ಎಷ್ಟು ಹೋಯಿತು ಅಂತ ಪೈ ಚಾರ್ಟ್ ತೋರಿಸುತ್ತದೆ. ನಾನು ಏಳು ಬಣ್ಣ ಕೊಟ್ಟಿದ್ದೇನೆ, ತಿಂಡಿಗಳು ಹದಿನಾಲ್ಕು. ಸೋಮವಾರ ಇಡ್ಲಿ ನೀಲಿ ಇತ್ತು, ಮಂಗಳವಾರ ಕಾಫಿ ನೀಲಿ ಆಯಿತು. ಇಡ್ಲಿ ವ್ಯಾಪಾರ ಬಿದ್ದುಹೋಯಿತು ಅಂತ ಮಾವ ಗಾಬರಿಯಾದರು. ಡಾರ್ಕ್ ಮೋಡ್‌ಗೆ ಅಂತ ಬಣ್ಣಗಳನ್ನು ಸಿಎಸ್ಎಸ್ ವೇರಿಯಬಲ್‌ಗೆ (ಪುಟದ ಅಂದ ಬರೆಯುವ ಕಡೆ ಒಂದು ಹೆಸರು ಕೊಟ್ಟಿಡುವ ಬೆಲೆ) ಹಾಕಿದೆ, ಇಡೀ ಚಕ್ರ ಕಪ್ಪಾಯಿತು. ಫೋನಿನಲ್ಲಿ ಅಕ್ಷರ ಮಸುಕು. ಹೋಳಿನ ಗಾತ್ರ ಸರಿಯಿದ್ದರೂ ಪಕ್ಕದ ಶೇಕಡಾವಾರು ತಪ್ಪು ಬರುತ್ತದೆ. ಚಾರ್ಟ್ ಜೆಎಸ್ ಬಿಟ್ಟು ಡಿ3 ಅನ್ನುವ ಇನ್ನೊಂದು ಲೈಬ್ರರಿಗೆ ಹೋಗು, ಎಲ್ಲಾ ಸರಿಹೋಗುತ್ತದೆ ಅಂತ ಗೆಳೆಯ ಹೇಳುತ್ತಾನೆ. ಹೋಗಲೇ?"

ಉತ್ತರ:

ಸದ್ಯಕ್ಕೆ ಹೋಗಬೇಡಿ. ನೀವು ಬರೆದ ತೊಂದರೆಗಳಲ್ಲಿ ಒಂದೂ ಲೈಬ್ರರಿಯ ದೋಷ ಅಲ್ಲ. ಡಿ3ಗೆ ಹೋದರೂ ಇವುಗಳಲ್ಲಿ ಹೆಚ್ಚಿನವು ನಿಮ್ಮ ಜೊತೆಗೇ ಬರುತ್ತವೆ. ನಾನು ಪುಣೆಯಲ್ಲಿ ಇಂಥ ಡ್ಯಾಶ್‌ಬೋರ್ಡ್‌ಗಳನ್ನೇ ಮಾಡುವವನು. ಬಣ್ಣ ತಪ್ಪಿ ಯಾರೋ ಗಾಬರಿಯಾಗುವುದು ನಮ್ಮಲ್ಲಿ ತುಂಬಾ ಸಾಮಾನ್ಯ ದೂರು. ಮಾವ ಗಾಬರಿಯಾದದ್ದರಲ್ಲಿ ಅವರ ತಪ್ಪೇನೂ ಇಲ್ಲ. ಒಂದು ಸಲ ನೀಲಿ ಅಂದರೆ ಇಡ್ಲಿ ಅಂತ ಕಣ್ಣು ಕಲಿತರೆ, ಆಮೇಲೆ ಯಾರೂ ಪಕ್ಕದಲ್ಲಿ ಬರೆದ ಹೆಸರು ಓದುವುದಿಲ್ಲ.

ಮೊದಲು ಬಣ್ಣ ಯಾಕೆ ಓಡಾಡುತ್ತದೆ ಅನ್ನುವುದು. ಚಾರ್ಟ್ ಜೆಎಸ್‌ಗೆ ನೀವು ಎರಡು ಪಟ್ಟಿ ಕೊಡುತ್ತೀರಿ, ಒಂದು ಅಂಕಿಗಳದ್ದು, ಇನ್ನೊಂದು ಬ್ಯಾಕ್‌ಗ್ರೌಂಡ್ ಕಲರ್‌ದು. ಅದು ಹೆಸರು ನೋಡುವುದೇ ಇಲ್ಲ. ಮೊದಲ ಅಂಕಿಗೆ ಮೊದಲ ಬಣ್ಣ, ಎರಡನೆಯದಕ್ಕೆ ಎರಡನೆಯದು, ಅಷ್ಟೇ. ನಿಮ್ಮ ಸರ್ವರ್ ಬಹುಶಃ ಜಾಸ್ತಿ ಹೋದದ್ದನ್ನು ಮೊದಲು ಕಳಿಸುತ್ತಿದೆ. ಸೋಮವಾರ ಇಡ್ಲಿ ಮುಂದೆ ಇತ್ತು, ಅದಕ್ಕೆ ನೀಲಿ ಸಿಕ್ಕಿತು. ಮಂಗಳವಾರ ಕಾಫಿ ಮುಂದೆ ಬಂತು, ನೀಲಿ ಅದಕ್ಕೆ ಹೋಯಿತು. ಇದನ್ನು ನೀವೇ ಪರೀಕ್ಷಿಸಬಹುದು. ಚಾರ್ಟಿನ ಲೆಜೆಂಡ್‌ನಲ್ಲಿ, ಅಂದರೆ ಯಾವ ಬಣ್ಣ ಯಾವುದು ಅಂತ ಬರೆದಿರುವ ಕಡೆ, ಇಡ್ಲಿ ಮೇಲೆ ಒತ್ತಿ ಅದನ್ನು ಮುಚ್ಚಿ. ಉಳಿದವುಗಳ ಬಣ್ಣ ಬದಲಾಗುವುದಿಲ್ಲ, ಯಾಕೆಂದರೆ ಇಡ್ಲಿ ಕಾಣದಿದ್ದರೂ ಪಟ್ಟಿಯಲ್ಲಿ ಅದರ ಜಾಗ ಹಾಗೇ ಇದೆ. ಈಗ ಇಡ್ಲಿಯನ್ನು ಕೋಡ್‌ನಲ್ಲೇ ಫಿಲ್ಟರ್ ಮಾಡಿ ತೆಗೆದು ನೋಡಿ. ಅದರ ಹಿಂದೆ ಇದ್ದವೆಲ್ಲ ಒಂದೊಂದು ಜಾಗ ಮುಂದೆ ಬಂದು, ಒಂದೊಂದು ಬಣ್ಣ ಜಾರುತ್ತವೆ.

ಇದರ ಜೊತೆಗೇ ಇನ್ನೊಂದು ತೊಂದರೆ ಇದೆ, ಅದನ್ನು ನೀವು ಇನ್ನೂ ಗಮನಿಸಿರಲಿಕ್ಕಿಲ್ಲ. ಬಣ್ಣ ಏಳು, ತಿಂಡಿ ಹದಿನಾಲ್ಕು ಅಂದಿರಿ. ಬಣ್ಣ ಮುಗಿದರೆ ಚಾರ್ಟ್ ಜೆಎಸ್ ಮತ್ತೆ ಮೊದಲಿನಿಂದ ಶುರುಮಾಡುತ್ತದೆ, ಹಾಗಾಗಿ ಎಂಟನೆಯ ತಿಂಡಿಗೂ ನೀಲಿಯೇ. ಈಗ ಎಂಟೇ ತಿಂಡಿ ಹೋದ ಒಂದು ದಿನ ಯೋಚಿಸಿ. ಚಕ್ರದಲ್ಲಿ ಎಂಟನೆಯ ಹೋಳಿನ ಪಕ್ಕ ಬರುವುದು ಒಂದನೆಯದು. ಎರಡೂ ನೀಲಿ. ನಡುವಿನ ಗೆರೆ ತೆಳುವಾಗಿದ್ದರೆ ಅವೆರಡೂ ಸೇರಿ ಒಂದೇ ದೊಡ್ಡ ಹೋಳಿನಂತೆ ಕಾಣುತ್ತವೆ, ನೋಡಿದವರಿಗೆ ಲೆಕ್ಕವೇ ತಪ್ಪುತ್ತದೆ.

ಹಾಗಾಗಿ ಮಾಡಬೇಕಾದ ಮುಖ್ಯ ಕೆಲಸ ಇದು: ಬಣ್ಣ ಸೇರಬೇಕಾದ್ದು ಪಟ್ಟಿಯ ಜಾಗಕ್ಕಲ್ಲ, ತಿಂಡಿಗೆ. ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿಂಡಿಗೂ ಒಂದು ಐಟಂ ಕೋಡ್ ಇರುತ್ತದೆ ಅಲ್ವಾ, ಆ ಕೋಡ್‌ಗೆ ಒಂದು ಬಣ್ಣ ಅಂತ ಬರೆದಿಡಿ. ಡೇಟಾ ಬಂದ ಮೇಲೆ, ಬಂದ ಕ್ರಮದಲ್ಲೇ, ಪ್ರತಿ ಕೋಡ್‌ಗೂ ಅದರ ಬಣ್ಣ ಹುಡುಕಿ ಹೊಸ ಬಣ್ಣದ ಪಟ್ಟಿ ಮಾಡಿ ಚಾರ್ಟಿಗೆ ಕೊಡಿ. ಒಂದು ಸಾಲಿನ ಕೆಲಸ. ಬಣ್ಣಗಳನ್ನು ಡೇಟಾಬೇಸ್‌ನಲ್ಲಿ ಐಟಂ ಟೇಬಲ್‌ನಲ್ಲೇ ಒಂದು ಕಾಲಂ ಮಾಡಿ ಇಟ್ಟರೆ ಇನ್ನೂ ಒಳ್ಳೆಯದು. ಮಾವ ಹೊಸ ತಿಂಡಿ ಶುರುಮಾಡಿದಾಗ ನೀವು ಪ್ರೋಗ್ರಾಂ ಮುಟ್ಟಬೇಕಾಗಿಲ್ಲ.

ಹೆಸರಿಗೇ ಬಣ್ಣ ಕಟ್ಟಿದರೆ ಸಾಲದೇ ಅಂತ ಕೇಳಬಹುದು. ಮುಂಬೈಯಲ್ಲಿ ಅದು ಬೇಗ ಕೈಕೊಡುತ್ತದೆ. ಮಾವನಿಗೆ ಕನ್ನಡದಲ್ಲಿ ಬೇಕು, ಕೌಂಟರ್‌ನಲ್ಲಿ ಕೂತವರಿಗೆ ಮರಾಠಿಯಲ್ಲಿ ಬೇಕು, ಲೆಕ್ಕ ನೋಡುವವರಿಗೆ ಇಂಗ್ಲಿಷ್. ಭಾಷೆ ಬದಲಿಸಿದ ಕೂಡಲೇ ಹೆಸರು ಬದಲು, ಬಣ್ಣವೂ ಹೋಯಿತು. ಒಂದೇ ಭಾಷೆಯಲ್ಲೂ ಒಬ್ಬರು ಮಸಾಲೆ ದೋಸೆ ಅಂತ ಟೈಪ್ ಮಾಡಿರುತ್ತಾರೆ, ಇನ್ನೊಬ್ಬರು ಮಸಾಲಾ ದೋಸಾ ಅಂತ. ಕೋಡ್‌ಗೆ ಈ ಕಷ್ಟ ಇಲ್ಲ.

ಕೆಲವರು ಇನ್ನೊಂದು ದಾರಿ ಹೇಳುತ್ತಾರೆ. ಹೆಸರನ್ನು ಹ್ಯಾಶ್ ಮಾಡಿ, ಅಂದರೆ ಅದರ ಅಕ್ಷರಗಳಿಂದ ಒಂದು ಸಂಖ್ಯೆ ಹುಟ್ಟಿಸಿ, ಬಂದ ಸಂಖ್ಯೆಯಿಂದ ಬಣ್ಣ ಆರಿಸು, ಪಟ್ಟಿ ಬರೆಯುವ ಗೋಜೇ ಬೇಡ ಅಂತ. ಕೇಳಲು ಚೆನ್ನಾಗಿದೆ. ಆದರೆ ಲೆಕ್ಕ ಹಾಕಿ ನೋಡಿ: ಎಂಟು ಬಣ್ಣ, ಆರು ತಿಂಡಿ ಇದ್ದರೆ ಆರಕ್ಕೂ ಬೇರೆ ಬೇರೆ ಬಣ್ಣ ಬೀಳುವ ಸಾಧ್ಯತೆ 262144ರಲ್ಲಿ 20160, ಅಂದರೆ ಶೇಕಡಾ 8ಕ್ಕಿಂತ ಕಡಿಮೆ. ಹೆಚ್ಚುಕಡಿಮೆ ಯಾವಾಗಲೂ ಎರಡು ತಿಂಡಿಗೆ ಒಂದೇ ಬಣ್ಣ ಬಂದೇ ಬರುತ್ತದೆ. ನೂರಾರು ಟ್ಯಾಗ್‌ಗಳಿರುವ ಕಡೆ ಹ್ಯಾಶ್ ನಡೆಯುತ್ತದೆ, ಹೋಟೆಲ್ ಮೆನುಗೆ ಬೇಡ. ಮ್ಯಾಥ್ ರ‍್ಯಾಂಡಮ್‌ನಿಂದ ಬಣ್ಣ ಹುಟ್ಟಿಸುವುದಂತೂ ಖಂಡಿತ ಬೇಡ, ಪುಟ ರಿಫ್ರೆಶ್ ಆದಾಗಲೆಲ್ಲ ಬಣ್ಣ ಹೊಸದಾಗುತ್ತದೆ.

ಡಿ3 ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅದರಲ್ಲಿ ಸ್ಕೇಲ್ ಆರ್ಡಿನಲ್ ಅಂತ ಇದೆ, ಅದು ಹೆಸರಿಗೇ ಬಣ್ಣ ಕೊಡುತ್ತದೆ, ನಿಮ್ಮ ಗೆಳೆಯ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೇಳಿರಬೇಕು. ಆದರೆ ಡೊಮೇನ್ ಅಂತ ಪೂರ್ತಿ ಪಟ್ಟಿ ಮೊದಲೇ ಕೊಡದಿದ್ದರೆ, ಅದು ಯಾವ ಹೆಸರು ಮೊದಲು ಕಂಡಿತೋ ಅದಕ್ಕೆ ಮೊದಲ ಬಣ್ಣ ಕೊಡುತ್ತಾ ಹೋಗುತ್ತದೆ. ಮಾರನೆಯ ದಿನ ಪುಟ ತೆರೆದರೆ ಕ್ರಮ ಬೇರೆ, ಬಣ್ಣ ಬೇರೆ. ಜೊತೆಗೆ ಡಿ3ಯ ಪೈ ತಾನಾಗಿಯೇ ದೊಡ್ಡದರಿಂದ ಚಿಕ್ಕದಕ್ಕೆ ಹೋಳುಗಳನ್ನು ಜೋಡಿಸುತ್ತದೆ, ಬೇಡ ಅಂತ ನೀವೇ ಹೇಳಬೇಕು. ಡಿ3 ಒಳ್ಳೆಯ ಸಾಧನ. ನಕ್ಷೆ, ಜಾಲ, ವಿಚಿತ್ರ ಆಕಾರದ ಚಿತ್ರ ಬೇಕಿದ್ದರೆ ಕಲಿಯಿರಿ. ಒಂದು ಪೈಗೋಸ್ಕರ ಇಡೀ ಪುಟ ಮತ್ತೆ ಬರೆಯುವುದು ಸುಮ್ನೆ ಕೆಲಸ ಹೆಚ್ಚಿಸಿಕೊಂಡ ಹಾಗೆ.

ಈಗ ಕಪ್ಪಾದ ಚಕ್ರ. ಸಿಎಸ್ಎಸ್‌ನಿಂದ ಚಾರ್ಟಿನ ಬಣ್ಣ ಬದಲಿಸಬಹುದು ಅನ್ನುವುದು ಅರ್ಧ ನಿಜ. ಎಸ್‌ವಿಜಿಯಲ್ಲಿ ಬರೆದ ಚಾರ್ಟಿಗೆ ನಿಜ, ಅಲ್ಲಿ ಪ್ರತಿ ಹೋಳೂ ಪುಟದ ಒಂದು ಅಂಶ. ರೀಚಾರ್ಟ್ಸ್ ಅನ್ನುವ ಲೈಬ್ರರಿ ಹಾಗೆ ಕೆಲಸ ಮಾಡುತ್ತದೆ. ಚಾರ್ಟ್ ಜೆಎಸ್ ಬರೆಯುವುದು ಕ್ಯಾನ್ವಾಸ್ ಮೇಲೆ. ಕ್ಯಾನ್ವಾಸ್ ಅಂದರೆ ಗೋಡೆಗೆ ಬಳಿದ ಬಣ್ಣದ ಹಾಗೆ. ಬಳಿದಾದ ಮೇಲೆ ಬ್ರೌಸರ್‌ಗೆ ಅಲ್ಲಿ ಹೋಳು ಇದೆ ಅಂತಲೇ ಗೊತ್ತಿರುವುದಿಲ್ಲ. ನೀವು ವೇರಿಯಬಲ್‌ನ ಹೆಸರನ್ನೇ ಬಣ್ಣದ ಜಾಗದಲ್ಲಿ ಕೊಟ್ಟಿದ್ದೀರಿ. ಕ್ಯಾನ್ವಾಸ್‌ಗೆ ಅದು ಬಣ್ಣ ಅಂತ ಅರ್ಥವಾಗುವುದಿಲ್ಲ. ಅರ್ಥವಾಗದ ಬಣ್ಣ ಬಂದರೆ ಅದು ಎರರ್ ಕೂಡ ಕೊಡುವುದಿಲ್ಲ, ಕೊಟ್ಟದ್ದನ್ನು ಬಿಟ್ಟು ಮೊದಲಿದ್ದ ಬಣ್ಣವನ್ನೇ ಮುಂದುವರಿಸುತ್ತದೆ. ಶುರುವಿನಲ್ಲಿ ಇರುವುದು ಕಪ್ಪು, ಹಾಗಾಗಿ ನಿಮ್ಮ ಚಕ್ರ ಕಪ್ಪು. ಕನ್ಸೋಲ್‌ನಲ್ಲಿ ಏನೂ ಕಾಣದೆ ನೀವು ತಲೆ ಕೆಡಿಸಿಕೊಂಡಿರಬೇಕು.

ಪರಿಹಾರ ಕಷ್ಟವಿಲ್ಲ. ಗೆಟ್ ಕಂಪ್ಯೂಟೆಡ್ ಸ್ಟೈಲ್ ಬಳಸಿ ವೇರಿಯಬಲ್‌ನ ನಿಜವಾದ ಬೆಲೆ ಓದಿ, ಟ್ರಿಮ್ ಮಾಡಿ, ಆ ಬೆಲೆಯನ್ನು ಚಾರ್ಟಿಗೆ ಕೊಡಿ. ಟ್ರಿಮ್ ಮರೆಯಬೇಡಿ, ಮುಂದೆ ಖಾಲಿ ಜಾಗ ಸೇರಿ ಬರುವುದುಂಟು. ಥೀಮ್ ಬದಲಾದಾಗ ಮತ್ತೆ ಓದಿ ಮತ್ತೆ ಬರೆಯಬೇಕು, ತಾನಾಗಿ ಆಗುವುದಿಲ್ಲ. ಥೀಮ್ ಬದಲಾದದ್ದನ್ನು ತಿಳಿಸುವ ಮ್ಯಾಚ್ ಮೀಡಿಯಾಗೆ ಕಿವಿಕೊಟ್ಟು, ಬದಲಾದಾಗ ಅಪ್‌ಡೇಟ್ ಕರೆಯಿರಿ. ಹೋಳುಗಳ ನಡುವಿನ ಗೆರೆ ಚಾರ್ಟ್ ಜೆಎಸ್‌ನಲ್ಲಿ ಮೊದಲಿನಿಂದಲೇ ಬಿಳಿ, ಎರಡು ಪಿಕ್ಸೆಲ್ ದಪ್ಪ. ಡಾರ್ಕ್ ಮೋಡ್‌ನಲ್ಲಿ ಅದು ಕಣ್ಣಿಗೆ ಹೊಡೆಯುತ್ತದೆ. ಅದನ್ನು ಹಿನ್ನೆಲೆಯ ಬಣ್ಣಕ್ಕೆ ಬದಲಿಸಿ, ಆದರೆ ಪೂರ್ತಿ ತೆಗೆಯಬೇಡಿ. ತೆಗೆದರೆ ಎರಡು ಹೋಳು ಸೇರುವ ಅಂಚಿನಲ್ಲಿ ಕೂದಲೆಳೆಯಷ್ಟು ಮಂಕು ಗೆರೆ ಕಾಣುತ್ತದೆ, ಓರೆ ಅಂಚುಗಳನ್ನು ಬ್ರೌಸರ್ ನಯಮಾಡುವಾಗ ಹಿನ್ನೆಲೆ ಅಲ್ಲಿ ಇಣುಕುತ್ತದೆ.

ಫೋನಿನಲ್ಲಿ ಮಸುಕು ಬರುವುದಕ್ಕೂ ಕ್ಯಾನ್ವಾಸೇ ಕಾರಣ. ಈಗಿನ ಫೋನುಗಳಲ್ಲಿ ಒಂದು ಸಿಎಸ್ಎಸ್ ಪಿಕ್ಸೆಲ್ ಜಾಗದಲ್ಲಿ ಅಡ್ಡಕ್ಕೆ ಎರಡೋ ಮೂರೋ ನಿಜವಾದ ಪಿಕ್ಸೆಲ್ ಇರುತ್ತವೆ. ಚಾರ್ಟ್ ಜೆಎಸ್ ಇದನ್ನು ತಾನೇ ಲೆಕ್ಕ ಹಾಕಿ ದೊಡ್ಡ ಕ್ಯಾನ್ವಾಸ್‌ನಲ್ಲಿ ಬರೆಯುತ್ತದೆ. ನೀವು ಕ್ಯಾನ್ವಾಸ್‌ಗೇ ಸಿಎಸ್ಎಸ್‌ನಲ್ಲಿ ಅಗಲ, ಎತ್ತರ ಕೊಟ್ಟಿದ್ದರೆ ಬರೆದ ಚಿತ್ರವನ್ನು ಬ್ರೌಸರ್ ಎಳೆದು ಹಿಗ್ಗಿಸುತ್ತದೆ, ಆಗ ಮಸುಕು. ಕ್ಯಾನ್ವಾಸ್‌ನ ಮೇಲಿನ ಅಳತೆ ತೆಗೆಯಿರಿ. ಅದನ್ನು ಒಂದು ಡಿವ್ ಒಳಗೆ ಒಂಟಿಯಾಗಿ ಇಡಿ. ಡಿವ್‌ಗೆ ಪೊಸಿಷನ್ ರಿಲೇಟಿವ್ ಮತ್ತು ಎತ್ತರ ಕೊಡಿ, ಮೇಂಟೇನ್ ಆಸ್ಪೆಕ್ಟ್ ರೇಶಿಯೋ ಫಾಲ್ಸ್ ಮಾಡಿ.

ಕನ್ನಡ ಹೆಸರುಗಳ ಬಗ್ಗೆ ಒಂದು ಮಾತು. ನೀವು ಕನ್ನಡದ ವೆಬ್ ಫಾಂಟ್ ಹಾಕಿದ್ದರೆ, ಅದು ಇಳಿಯುವ ಮೊದಲೇ ಕ್ಯಾನ್ವಾಸ್ ಬೇರೆ ಫಾಂಟಿನಲ್ಲಿ ಬರೆದು ಮುಗಿಸಿರುತ್ತದೆ. ಪುಟದ ಉಳಿದ ಅಕ್ಷರಗಳು ಫಾಂಟ್ ಬಂದ ಕೂಡಲೇ ಬದಲಾಗುತ್ತವೆ, ಕ್ಯಾನ್ವಾಸ್ ಬದಲಾಗುವುದಿಲ್ಲ. ಡಾಕ್ಯುಮೆಂಟ್ ಫಾಂಟ್ಸ್ ಲೋಡ್ ಮುಗಿಯುವವರೆಗೆ ಕಾದು ಚಾರ್ಟ್ ಬರೆಯಿರಿ. ಉದ್ದದ ಹೆಸರನ್ನು ಸ್ಲೈಸ್ ಮಾಡಿ ಇಷ್ಟು ಅಕ್ಷರಕ್ಕೆ ಅಂತ ಕತ್ತರಿಸಲೂ ಬೇಡಿ. 'ಉಪ್ಪಿಟ್ಟು' ನಮಗೆ ಮೂರು ಅಕ್ಷರ, ಜಾವಾಸ್ಕ್ರಿಪ್ಟ್‌ಗೆ ಒಂಬತ್ತು ಯೂನಿಟ್. ತಪ್ಪು ಜಾಗದಲ್ಲಿ ಕತ್ತರಿಸಿದರೆ ಒತ್ತಕ್ಷರ ಮುರಿದು 'ಉಪ್' ಅಂತ ಉಳಿಯುತ್ತದೆ. ಪದ ಪದವಾಗಿ ಮುರಿದು ಎರಡು ಸಾಲು ಮಾಡಿ.

ಶೇಕಡಾವಾರು ತಪ್ಪುವುದಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ, ಆದರೆ ಇದು ಎಲ್ಲಕ್ಕಿಂತ ಅಪಾಯದ್ದು. ಇಲ್ಲಿ ದುಡ್ಡಿನ ಲೆಕ್ಕ ಇದೆ. ನಿಮ್ಮ ಸರ್ವರ್ ಅಂಕಿಗಳನ್ನು ಸ್ಟ್ರಿಂಗ್ ಆಗಿ, ಅಂದರೆ ಸಂಖ್ಯೆಯಾಗಲ್ಲದೆ ಬರೀ ಅಕ್ಷರಗಳ ಸಾಲಾಗಿ, ಕಳಿಸುತ್ತಿರಬೇಕು. ಡೇಟಾಬೇಸ್‌ನ ಡೆಸಿಮಲ್ ಕಾಲಂಗಳನ್ನು ನೋಡ್ ಜೆಎಸ್‌ನ ಡ್ರೈವರ್‌ಗಳು (ಸರ್ವರ್‌ಗೂ ಡೇಟಾಬೇಸ್‌ಗೂ ನಡುವಿನ ಕೊಂಡಿ) ಸಾಮಾನ್ಯವಾಗಿ ಹಾಗೇ ಕೊಡುತ್ತವೆ, ನಿಖರತೆ ಹೋಗಬಾರದು ಅಂತ. ಚಾರ್ಟ್ ಜೆಎಸ್ ಒಳಗೆ ಅದನ್ನು ಸಂಖ್ಯೆ ಮಾಡಿಕೊಳ್ಳುತ್ತದೆ, ಹಾಗಾಗಿ ಹೋಳು ಸರಿ. ನೀವು ಬರೆದ ಒಟ್ಟು ಮೊತ್ತದ ಸಾಲು ಮಾಡಿಕೊಳ್ಳುವುದಿಲ್ಲ. ಸೊನ್ನೆಗೆ 120, ಆಮೇಲೆ 80 ಸೇರಿಸಿದರೆ 200 ಬರಬೇಕು, ಸ್ಟ್ರಿಂಗ್ ಆದರೆ ಅಂಟಿಕೊಂಡು 012080 ಆಗುತ್ತದೆ. ಅದರಿಂದ ಭಾಗಿಸಿದರೆ ಶೇಕಡಾ 60 ಇರಬೇಕಾದ ಇಡ್ಲಿ ಶೇಕಡಾ 1 ಅಂತ ಕಾಣುತ್ತದೆ. ಪೈಸೆ ಬಿಂದುವೂ ಇದ್ದರೆ ಎರಡು ಬಿಂದು ಸೇರಿ ಅದು ಸಂಖ್ಯೆಯೇ ಆಗುವುದಿಲ್ಲ. ಡೇಟಾ ಬಂದ ಬಾಗಿಲಲ್ಲೇ ನಂಬರ್ ಮಾಡಿ.

ಯಾವ ಬಣ್ಣ ಆರಿಸಬೇಕು ಅನ್ನುವುದು ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ವರ್ಣ, ಗಾಢತೆ, ಬೆಳಕು ಅಂತ ಮೂರು ಅಂಕಿಯಲ್ಲಿ ಬಣ್ಣ ಹೇಳುವ ಎಚ್‌ಎಸ್‌ಎಲ್‌ನಲ್ಲಿ ವರ್ಣದ 360 ಡಿಗ್ರಿಯನ್ನು ಸಮನಾಗಿ ಹಂಚಿದರೆ ಒಳ್ಳೆಯ ಬಣ್ಣ ಸಿಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಸಿಗುವುದಿಲ್ಲ. ಅದರಲ್ಲಿ ಹಳದಿಗೂ ನೀಲಿಗೂ ಒಂದೇ ಶೇಕಡಾ 50 ಬೆಳಕು ಅಂತ ಬರೆದಿರುತ್ತದೆ, ಕಣ್ಣಿಗೆ ಹಳದಿ ಉರಿಯುತ್ತದೆ, ನೀಲಿ ಮುಳುಗುತ್ತದೆ. ಜೊತೆಗೆ ಕೆಂಪು, ಹಸಿರು ಬೇರೆ ಮಾಡಿ ನೋಡಲಾಗದವರು ನಮ್ಮ ನಡುವೆ ಇದ್ದಾರೆ. ಇದರ ಜೀನ್ ಎಕ್ಸ್ ಕ್ರೋಮೋಸೋಮ್‌ನಲ್ಲಿ ಇರುವುದರಿಂದ ಗಂಡಸರಲ್ಲೇ ಜಾಸ್ತಿ, ಎಷ್ಟೋ ಜನರಿಗೆ ತಮಗೆ ಹೀಗಿದೆ ಅಂತಲೇ ಗೊತ್ತಿರುವುದಿಲ್ಲ. ಹೋಟೆಲ್ ಕೌಂಟರ್‌ನಲ್ಲಿ ಯಾರು ನೋಡುತ್ತಾರೋ ನಮಗೇನು ಗೊತ್ತು.

ಜಪಾನಿನ ಮಸಟಾಕಾ ಒಕಾಬೆ ಮತ್ತು ಕೇ ಇಟೋ ಇಂಥವರಿಗೂ ಬೇರೆ ಬೇರೆ ಕಾಣುವ ಎಂಟು ಬಣ್ಣ ಆರಿಸಿಕೊಟ್ಟಿದ್ದಾರೆ. ನಾನು ಅದರಿಂದಲೇ ಶುರುಮಾಡುತ್ತೇನೆ. ಆರ್‌ಜಿಬಿಯಲ್ಲಿ ನೀಲಿ 0, 114, 178. ಕೆಂಪು ಕಿತ್ತಳೆ 213, 94, 0. ನೀಲಿ ಬೆರೆತ ಹಸಿರು 0, 158, 115. ನೇರಳೆ ಗುಲಾಬಿ 204, 121, 167. ಕಿತ್ತಳೆ 230, 159, 0. ಆಕಾಶ ನೀಲಿ 86, 180, 233. ಹಳದಿ 240, 228, 66. ಎಂಟನೆಯದು ಕಪ್ಪು. ಇದರಲ್ಲೂ ಒಂದು ಎಚ್ಚರ ಬೇಕು. ಚಿತ್ರದ ಭಾಗಗಳು ಪಕ್ಕದ ಬಣ್ಣದಿಂದ ಕನಿಷ್ಠ 3ಕ್ಕೆ 1ರಷ್ಟು ಕಾಂಟ್ರಾಸ್ಟ್‌ನಲ್ಲಿ ಬೇರೆ ಕಾಣಬೇಕು ಅಂತ, ವೆಬ್ ಎಲ್ಲರಿಗೂ ಎಟುಕಲಿ ಅಂತ ಮಾಡಿದ ಮಾರ್ಗಸೂಚಿ, 2018ರ ಡಬ್ಲ್ಯೂಸಿಎಜಿ 2.1 ಹೇಳುತ್ತದೆ. ಬಿಳಿ ಹಿನ್ನೆಲೆಯಲ್ಲಿ ಮೇಲಿನ ಮೊದಲ ನಾಲ್ಕು ಇದನ್ನು ದಾಟುತ್ತವೆ, ಕಿತ್ತಳೆ ಮತ್ತು ಆಕಾಶ ನೀಲಿ ದಾಟುವುದಿಲ್ಲ, ಹಳದಿ ಸುಮಾರು 1.3ಕ್ಕೇ ನಿಲ್ಲುತ್ತದೆ. ಹಳದಿ ಬಳಸಲೇಬೇಕಿದ್ದರೆ ಸುತ್ತ ಗಾಢ ಗೆರೆ ಎಳೆಯಿರಿ. ಹೋಳಿನ ಒಳಗೆ ಅಂಕಿ ಬರೆಯುವುದಾದರೆ ನೀಲಿ ಮತ್ತು ಕಪ್ಪಿನ ಮೇಲೆ ಮಾತ್ರ ಬಿಳಿ ಅಕ್ಷರ, ಉಳಿದೆಲ್ಲದರ ಮೇಲೆ ಕಪ್ಪು. ಕಪ್ಪು ಬಿಳುಪು ಪ್ರಿಂಟ್ ತೆಗೆಯುವವರಿದ್ದರೆ ಕೆಂಪು ಕಿತ್ತಳೆ, ಹಸಿರು, ನೇರಳೆ ಗುಲಾಬಿ ಮೂರೂ ಹತ್ತಿರ ಹತ್ತಿರ ಒಂದೇ ಬೂದಿಯಾಗುತ್ತವೆ. ಆಗ ಹೆಸರು, ಅಂಕಿ ಹೋಳಿನ ಪಕ್ಕದಲ್ಲೇ ಇರಲಿ, ಬಣ್ಣವನ್ನು ನಂಬಬೇಡಿ.

ತಿಂಡಿಯ ಬಣ್ಣವನ್ನೇ ಚಾರ್ಟಿಗೆ ಕೊಡೋಣ ಅಂತ ಅನ್ನಿಸಬಹುದು. ಇಡ್ಲಿ, ಉಪ್ಪಿಟ್ಟು, ಮೊಸರನ್ನ ಎಲ್ಲಾ ಬಿಳಿ, ದೋಸೆ, ವಡೆ, ಪೂರಿ ಎಲ್ಲಾ ಕಂದು. ಅದು ನಡೆಯುವುದಿಲ್ಲ.

ಹದಿನಾಲ್ಕು ತಿಂಡಿಗೆ ಹದಿನಾಲ್ಕು ಬಣ್ಣ ಹುಡುಕಬೇಡಿ. ಆರಕ್ಕೆ ಸ್ವಂತ ಬಣ್ಣ ಕೊಡಿ, ಉಳಿದದ್ದು 'ಇತರೆ', ಅದಕ್ಕೆ ಯಾವಾಗಲೂ ಬೂದಿ, 118, 118, 118 ಸಾಕು. ಆದರೆ ಆ ಆರು ಯಾವುದು ಅನ್ನುವುದನ್ನು ದಿನದ ವ್ಯಾಪಾರ ನೋಡಿ ತೀರ್ಮಾನಿಸಬೇಡಿ. ಇಲ್ಲದಿದ್ದರೆ ಪೂರಿ ಇವತ್ತು ಸ್ವಂತ ಹೋಳು, ನಾಳೆ ಇತರೆ ಒಳಗೆ ಮಾಯ, ಮಾವನಿಂದ ಮತ್ತೆ ಫೋನ್. ಮಾವನನ್ನೇ ಕೇಳಿ ಆರು ಆರಿಸಿ, ಕೆಲವು ತಿಂಗಳಿಗೊಮ್ಮೆ ಬದಲಿಸಿ. ಹೋಳುಗಳ ಕ್ರಮವನ್ನೂ ಹಾಗೇ ನಿಲ್ಲಿಸಿ. ಇಡ್ಲಿ ಯಾವಾಗಲೂ ಹನ್ನೆರಡು ಗಂಟೆಯ ಜಾಗದಿಂದ ಶುರುವಾದರೆ ಬಣ್ಣ ನೋಡುವ ಮೊದಲೇ ಅದು ಸಿಗುತ್ತದೆ. ಇದರಲ್ಲಿ ಒಂದು ನಷ್ಟ ಇದೆ, ಯಾವುದು ದೊಡ್ಡದು ಅಂತ ಕೂಡಲೇ ತಿಳಿಯುವುದಿಲ್ಲ. ದಿನಾ ನೋಡುವವರಿಗೆ ನಿಂತ ಕ್ರಮವೇ ಮೇಲು ಅಂತ ನನ್ನ ಅನುಭವ.

ಮಾವನ ನಿಜವಾದ ಪ್ರಶ್ನೆ ನಿನ್ನೆಗಿಂತ ಇವತ್ತು ಎಷ್ಟು ಅಂತಿದ್ದರೆ ಪೈ ಅದಕ್ಕೆ ಹೇಳಿ ಮಾಡಿಸಿದ್ದಲ್ಲ. ಕೋನಗಳನ್ನು ಹೋಲಿಸುವುದರಲ್ಲಿ ಕಣ್ಣು ಹಿಂದೆ, ಒಂದೇ ಗೆರೆಯಿಂದ ಎದ್ದ ಬಾರ್‌ಗಳನ್ನು ಹೋಲಿಸುವುದರಲ್ಲಿ ಮುಂದೆ. ಕ್ಲೀವ್‌ಲೆಂಡ್ ಮತ್ತು ಮೆಕ್‌ಗಿಲ್ 1984ರಲ್ಲೇ ಪ್ರಯೋಗ ಮಾಡಿ ತೋರಿಸಿದ ವಿಷಯ ಇದು. ಪೈ ಇರಲಿ, ಅದು ಅವರಿಗೆ ಇಷ್ಟವಾಗಿದೆ. ಕೆಳಗೆ ಒಂದು ಬಾರ್ ಚಾರ್ಟ್ ಹಾಕಿ, ಅದೇ ಕೋಡ್, ಅದೇ ಬಣ್ಣ.

ಕೊನೆಗೆ, ಎಸ್‌ವಿಜಿಯನ್ನು ಕೈಯಲ್ಲೇ ಬರೆದು ಲೈಬ್ರರಿ ಬಿಟ್ಟೇಬಿಡೋಣ ಅಂತ ಯೋಚಿಸಿದ್ದರೆ ಒಂದು ಜಾಗ ನೋಡಿಕೊಳ್ಳಿ. ಬೆಳಗ್ಗೆ ಬಾಗಿಲು ತೆಗೆದು ಮೊದಲ ಬಿಲ್ ಬರೀ ಕಾಫಿ ಆಗಿರುತ್ತದೆ, ಅಂದರೆ ಕಾಫಿ ಶೇಕಡಾ 100. ಆರ್ಕ್ (ಹೋಳಿನ ಹೊರಗಿನ ಬಾಗಿದ ಗೆರೆ) ಆರಂಭವಾದ ಬಿಂದುವಿನಲ್ಲೇ ಮುಗಿದರೆ ಎಸ್‌ವಿಜಿ ಅದನ್ನು ಬರೆಯುವುದೇ ಇಲ್ಲ, ನಿಯಮವೇ ಹಾಗಿದೆ. ಪುಟ ಖಾಲಿ ಕಾಣುತ್ತದೆ. ಒಂದೇ ತಿಂಡಿ ಇದ್ದಾಗ ಆರ್ಕ್ ಬಿಟ್ಟು ಸರ್ಕಲ್ ಬರೆಯಬೇಕು. ಅರ್ಧಕ್ಕಿಂತ ದೊಡ್ಡ ಹೋಳಿಗೆ ಲಾರ್ಜ್ ಆರ್ಕ್ ಫ್ಲ್ಯಾಗ್ 1 ಮಾಡಬೇಕು, ಇಲ್ಲದಿದ್ದರೆ ಹೋಳು ಒಳಕ್ಕೆ ತಿರುಗುತ್ತದೆ. ಚಾರ್ಟ್ ಜೆಎಸ್‌ನಲ್ಲಿ ಇವೆರಡನ್ನೂ ನೀವು ನೋಡಬೇಕಾಗಿಲ್ಲ, ಆದರೆ ಒಂದೂ ಬಿಲ್ ಆಗದ ಹೊತ್ತನ್ನು ನೋಡಬೇಕು, ಎಲ್ಲಾ ಸೊನ್ನೆ ಇದ್ದರೆ ಅಲ್ಲೂ ಏನೂ ಕಾಣುವುದಿಲ್ಲ. ಅಲ್ಲಿ 'ಇನ್ನೂ ವ್ಯಾಪಾರ ಶುರುವಾಗಿಲ್ಲ' ಅಂತ ಒಂದು ಸಾಲು ಬರೆದಿಡಿ.